ಗಾಳಿಗೆ ಬೇರೆ ದಾರಿ ಕೊಟ್ಟ ಹೆಬಸೂರ ಸರ್

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಈ ಸೀಮೆಗಳಲ್ಲಿ ವಿದ್ಯುತ್ ಮೋಟಾರಿನ ಮುಚ್ಚಳ ಬಿಚ್ಚಿ ಹೊಟ್ಟೆ ಹೊರೆಯುವವರನ್ನೆಲ್ಲ ಸಾಲಾಗಿ ನಿಲ್ಲಿಸಿ ‘ನಿಮಗೆ ವಿದ್ಯೆ ಕಲಿಸಿದವರು ಯಾರು’ ಎಂದು ಕೇಳಿದರೆ, ಅರ್ಧಕ್ಕೂ ಹೆಚ್ಚು ಜನ ಒಂದೇ ಹೆಸರನ್ನು ಹೇಳುತ್ತಾರೆ. ಹಿಟ್ಟಿನ ಗಿರಣಿಯಿಂದ ಹಿಡಿದು ಅರಳೆಯ ಜಿನ್ನಿನವರೆಗೆ, ಹೊಲದ ಪಂಪಿನಿಂದ ಹಿಡಿದು ಸಿನೆಮಾ ಟಾಕೀಜಿನ ಪಂಖದವರೆಗೆ, ಈ ಭಾಗದಲ್ಲಿ ಕರೆಂಟಿನ ಮೇಲೆ ತಿರುಗುವ ಯಾವ ಯಂತ್ರವನ್ನು ತೆಗೆದುಕೊಂಡರೂ ಅದರ ಹಿಂದೆ ಎಲ್ಲೋ ಒಂದು ಕಡೆ ಅವರ ಕೈ, ಇಲ್ಲವೇ ಅವರ ಶಿಷ್ಯರ ಕೈ ಆಡಿರುತ್ತದೆ. ನಮ್ಮ ಕೈಗಾರಿಕಾ ತರಬೇತಿ ಶಾಲೆಯ ವಿದ್ಯುತ್ ವಿಭಾಗವನ್ನು ಅದು ಹುಟ್ಟಿದ ದಿನದಿಂದ ನಡೆಸಿಕೊಂಡು ಬಂದು, ಈ ವರ್ಷ ಸೇವೆಯಿಂದ ನಿವೃತ್ತರಾದ ಶ್ರೀ ಬಾಳಕೃಷ್ಣ ಗೋವಿಂದ ಹೆಬಸೂರ ಅವರೇ ಆ ಮಹನೀಯರು.

ಅವರ ಸೇವೆಯ ಸಮಗ್ರ ಪರಿಚಯವನ್ನು ಬರೆದುಕೊಡಬೇಕೆಂದು ಈ ಅಭಿನಂದನ ಸಂಪುಟದ ಸಂಪಾದಕ ಮಂಡಳಿಯವರು ನನಗೆ ಅಪ್ಪಣೆ ಮಾಡಿದ್ದಾರೆ. ಸಮಗ್ರ ಎಂಬುದು ನನ್ನ ಕೈಯಲ್ಲಿ ಆಗದ ಮಾತು ಎಂದು ಮೊದಲೇ ಹೇಳಿಬಿಡುತ್ತೇನೆ. ನಾನು ಫಿಟ್ಟರ್ ವಿಭಾಗದವನು. ಕಬ್ಬಿಣ ಉಜ್ಜಿ ಗೊತ್ತು, ಭಾಷೆ ಉಜ್ಜಿ ಗೊತ್ತಿಲ್ಲ. ಮೇಲಾಗಿ ಈ ಗುಡದಪ್ಪನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಊರೇ ಹೇಳುತ್ತದೆ, ಅದರಲ್ಲಿ ಸುಳ್ಳೇನೂ ಇಲ್ಲ. ಸರ್ ಅವರು ಪಡೆದ ಪ್ರಶಸ್ತಿ ಪತ್ರಗಳು, ಕುಳಿತ ಸಮಿತಿಗಳು, ಇವುಗಳ ಬಗ್ಗೆ ಬರೆಯುವವರು ಈ ಸಂಪುಟದಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುವುದು ಒಂದು ಫ್ಯಾನಿನ ಬಗ್ಗೆ. ಅದರ ಬೇರಿಂಗು ಉಳಿದರೆ ಮಾತ್ರ ನನ್ನ ಅಕ್ಕನ ಎದೆ ಉಳಿಯುವಂತಿತ್ತು. ನನ್ನ ಪಾಲಿಗೆ ಹೆಬಸೂರ ಸರ್ ಎಂದರೆ ಅದೇ.

ಮಿಶ್ರಿಕೋಟಿಯಲ್ಲಿ ಹುಟ್ಟಿ, ಧಾರವಾಡದಲ್ಲಿ ಓದಿ, ಹುಬ್ಬಳ್ಳಿಯಲ್ಲಿ ಮೋಟಾರಿಗೆ ತಂತಿ ಸುತ್ತುವ ಒಂದು ವೈಂಡಿಂಗ್ ಅಂಗಡಿಯಲ್ಲಿ ಕೆಲವು ವರ್ಷ ಕೈ ಕರಿದು ಮಾಡಿಕೊಂಡು, ಅರವತ್ತರ ದಶಕದ ಆರಂಭದಲ್ಲಿ ಅವರು ನವಲಗುಂದಕ್ಕೆ ಬಂದರು. ನಾನು ಕುಬಿಹಾಳದಿಂದ ಬಂದು ಸೇರಿದ್ದು ಎಂಬತ್ತನೆಯ ಇಸವಿಯಲ್ಲಿ. ನಮ್ಮ ಓಣಿಯಿಂದ ಪಗಾರದ ನೌಕರಿಗೆ ಬಂದವರು ಆಗ ತೀರ ಕಡಿಮೆ. ಶಿಕ್ಷಕರ ಕೋಣೆಯ ಮೂಲೆಯಲ್ಲಿ ಒಂದು ನೀರಿನ ಹರವಿ ಇತ್ತು. ಅದನ್ನು ನಾನು ಮುಟ್ಟಬಹುದೋ ಬಾರದೋ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮೊದಲನೆಯ ದಿನವೇ ಹೆಬಸೂರ ಸರ್ ಬೆವರೊರೆಸಿಕೊಳ್ಳುತ್ತ ಒಳಗೆ ಬಂದವರು, ಹರವಿಯ ಪಕ್ಕ ನಿಂತಿದ್ದ ನನಗೆ ಒಂದು ತಂಬಿಗೆ ನೀರು ಕೊಡಿರಿ ಎಂದರು. ಕೊಟ್ಟೆ, ಗಟಗಟನೆ ಕುಡಿದರು, ಹೊರಟುಹೋದರು. ನನಗೆ ಮೈ ಉರಿಯಿತು. ಇದು ಎಲ್ಲರಿಗೂ ಕಾಣಲೆಂದು ಆಡಿದ ನಾಟಕ ಎಂದುಕೊಂಡೆ. ಆಮೇಲೆ ನೋಡಿದರೆ ಹರವಿಯ ಬಾಜು ಯಾರು ನಿಂತಿದ್ದರೂ ಅವರು ನೀರು ಕೇಳುತ್ತಿದ್ದರು. ಸ್ವತಃ ಬಗ್ಗಿ ತುಂಬಿಕೊಳ್ಳಲು ಅಗದಿ ಬೇಸರ ಆ ಮನುಷ್ಯನಿಗೆ. ಆದರೂ ಆ ದಿನದ ಮೇಲೆ ಕೋಣೆಯಲ್ಲಿ ಹರವಿಯ ಪ್ರಶ್ನೆ ಉಳಿಯಲಿಲ್ಲ. ಅವರಿಗೆ ಇದು ನೆನಪೂ ಇರಲಿಕ್ಕಿಲ್ಲ, ನನಗಿದೆ.

ಪಾಠ ಹೇಳುವ ಅವರ ರೀತಿಯನ್ನು ಹಲವರು ಬಣ್ಣಿಸಿದ್ದಾರೆ. ಹಲಗೆಯ ಮೇಲೆ ಅವರು ಬರೆಯುತ್ತಿದ್ದ ಅಕ್ಷರಗಳು ಇರುವೆ ಸಾಲಿನಷ್ಟು ಸಣ್ಣವು ಎಂಬುದನ್ನು ಮಾತ್ರ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ಕಾನಸು ಹಿಡಿದು ಒಂದು ತಗಡಿನ ಅಂಚನ್ನು ನೆಟ್ಟಗೆ ಉಜ್ಜಲು ಅವರಿಗೆ ಇಂದಿಗೂ ಬರುವುದಿಲ್ಲ. ಆದರೆ ಮೋಟಾರಿನ ಮೈಮೇಲೆ ಅಂಗೈ ಇಟ್ಟು, ಅದರ ಸುಖದುಃಖ ವಿಚಾರಿಸುವುದನ್ನು ಅವರಿಂದಲೇ ಕಲಿಯಬೇಕು. ಮೀಟರು ಆಮೇಲೆ, ಮೊದಲು ಕೈ ಇಡಿರಿ ಎಂಬುದು ಅವರ ಮೊದಲ ಪಾಠ. ಒಂದು ವರ್ಷ ಬೆಣ್ಣೆಹಳ್ಳ ತುಂಬಿ ಬಂದು, ಪ್ರಾಯೋಗಿಕ ಪರೀಕ್ಷೆಯ ದಿನವೇ ಆಚೆ ದಂಡೆಯ ವಿದ್ಯಾರ್ಥಿಗಳೆಲ್ಲ ಬಸ್ಸಿಲ್ಲದೆ ಸಿಕ್ಕಿಬಿದ್ದರು. ನಿಯಮದಂತೆ ಗೈರುಹಾಜರಿ ಹಾಕಿ ಬಾಗಿಲು ಮುಚ್ಚಬೇಕು. ಸರ್ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು. ಸಂಜೆ ನೀರು ಇಳಿದು, ಮೊಳಕಾಲವರೆಗೆ ಕೆಸರು ಮೆತ್ತಿಕೊಂಡು ಬಂದವರಿಗೆ ಮೊದಲು ಚಹಾ ಕುಡಿಸಿ, ಆಮೇಲೆ ಪರೀಕ್ಷೆ ತೆಗೆದುಕೊಂಡರು. ಮುಖ್ಯೋಪಾಧ್ಯಾಯರು ತಕರಾರು ತೆಗೆದಾಗ, ಹಳ್ಳಕ್ಕೆ ನಮ್ಮ ವೇಳಾಪಟ್ಟಿ ಗೊತ್ತಿರಲಿಲ್ಲ ಎಂದು ಮೆಲ್ಲಗೆ ಹೇಳಿ ಪತ್ರಿಕೆಗಳನ್ನು ಕಟ್ಟಿ ಇಟ್ಟರು. ಅವರ ಮನೆಯವರಾದ ಅನ್ನಪೂರ್ಣಾಬಾಯಿಯವರು ಅಂದು ಶಾಲೆಗೆ ಕಳಿಸಿದ ಅವಲಕ್ಕಿಯ ರುಚಿಯನ್ನು ಆ ಹುಡುಗರು ಇಂದಿಗೂ ನೆನೆಯುತ್ತಾರೆ.

ಇನ್ನು ಆ ಫ್ಯಾನಿನ ಸಂಗತಿ. ನನ್ನ ಅಕ್ಕ ಸಣ್ಣವ್ವನನ್ನು ಕೊಟ್ಟದ್ದು ನವಲಗುಂದಕ್ಕೇ. ಅಣ್ಣಿಗೇರಿ ರಸ್ತೆಯಲ್ಲಿರುವ ಮಂಜಪ್ಪ ಸಾವ್ಕಾರರ ಜಿನ್ನಿನಲ್ಲಿ ಅವಳು ಹೆಣ್ಣಾಳುಗಳ ಮುಖಂಡಳು. ಹತ್ತಿಯಿಂದ ಬೀಜ ಬೇರೆ ಮಾಡುವ ಯಂತ್ರಗಳ ಮುಂದೆ ಸಾಲಾಗಿ ನಿಂತು ಹತ್ತಿ ಉಣಿಸುವ ಹೆಂಗಸರ ಪರವಾಗಿ ಸಾವ್ಕಾರರ ಎದುರು ನಿಂತು ಮಾತಾಡುವವಳು ಅವಳೇ. ಯಾರಿಗಾದರೂ ಹೆರಿಗೆ ಇದ್ದರೆ ರಜೆ ಕೇಳುವುದು, ಯಾರ ಮೇಲಾದರೂ ಮೇಸ್ತ್ರಿ ಕೂಗಾಡಿದರೆ ಅವನ ಕಿವಿ ಹಿಂಡುವುದು, ಎಲ್ಲಾ ಅವಳ ಬಾಯಿಯ ಕೆಲಸ. ಆದರೆ ಆ ಶೆಡ್ಡಿನಲ್ಲಿ ಬಾಯಿ ತೆರೆಯುವುದೇ ಕಷ್ಟ. ಅರಳೆಯ ನವಿರಾದ ಧೂಳು ಗಾಳಿಯಲ್ಲೇ ತೇಲುತ್ತಿತ್ತು. ಹುಬ್ಬು, ರೆಪ್ಪೆ, ಸೆರಗು ಎಲ್ಲಾ ಬೆಳ್ಳಗೆ. ಹೆಂಗಸರು ಮೂಗುಬಾಯಿಗೆ ಅರಿವೆ ಕಟ್ಟಿಕೊಂಡು ದುಡಿಯುತ್ತಿದ್ದರು. ಹಂಗಾಮು ಮುಗಿಯುವಷ್ಟರಲ್ಲಿ ಅಕ್ಕನಿಗೆ ಒಂದು ಮಾತು ಪೂರ್ತಿ ಮಾಡಲು ನಡುವೆ ನಿಂತು ದಮ್ಮು ತೆಗೆದುಕೊಳ್ಳಬೇಕಾಗುತ್ತಿತ್ತು.

ಹುಬ್ಬಳ್ಳಿಯ ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರರು ಎದೆ ಪರೀಕ್ಷಿಸಿ, ಧೂಳಾದರೂ ಹೋಗಬೇಕು ಇಲ್ಲವೇ ನೀನಾದರೂ ಅಲ್ಲಿಂದ ಹೋಗಬೇಕು, ಮೂರನೆಯ ಔಷಧ ನನ್ನ ಹತ್ತಿರ ಇಲ್ಲ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಕೆಲಸ ಬಿಟ್ಟುಬಿಡು ಎಂದು ನಾನು ಗಂಟು ಬಿದ್ದೆ. ಅವಳು ಕಿಟಕಿಯ ಹೊರಗೆ ನೋಡುತ್ತ ಹೇಳಿದಳು:

“ನಾ ಬಿಟ್ರ ಆ ಹೆಣ್ಮಕ್ಕಳ ಸಲುವಾಗಿ ಸಾವ್ಕಾರ್ರ ಮುಂದ ನಿಂತು ಮಾತಾಡಾಕ ಯಾರದಾರ ಹೇಳು? ಎಲ್ಲಾರೂ ತೆಳಗ ನೋಡಕೋತ ನಿಂದರತಾರ.”

ಮಂಜಪ್ಪ ಸಾವ್ಕಾರರು ಕೆಟ್ಟವರಲ್ಲ. ಅಕ್ಕನ ಕಾಟ ತಾಳಲಾರದೆಯೋ, ಧೂಳಿನಿಂದ ಯಂತ್ರಗಳೂ ಕೆಡುತ್ತವೆ ಎಂದೋ, ಎಂಬತ್ಮೂರರ ಕೊನೆಗೆ ಶೆಡ್ಡಿಗೆ ಧೂಳು ಎಳೆಯುವ ಫ್ಯಾನು ತರಿಸಿ ಕೂಡಿಸಿದರು. ಅದು ತಲೆಯ ಮೇಲೆ ತಿರುಗುವ ಪಂಖದಂಥದಲ್ಲ. ಬಸವನಹುಳದ ಚಿಪ್ಪಿನ ಆಕಾರದ ದೊಡ್ಡ ಕಬ್ಬಿಣದ ಡಬ್ಬಿ, ಅದರೊಳಗೆ ರೆಕ್ಕೆಗಳ ಗಾಲಿ. ಗಾಲಿ ತಿರುಗಿದರೆ ಮಾಡಿನ ಕೆಳಗೆ ಹಾಯಿಸಿದ ಕೊಳವೆಗಳಿಂದ ಶೆಡ್ಡಿನ ಧೂಳುಗಾಳಿಯನ್ನು ಎಳೆದು ಹಿಂದಿನ ಕೋಣೆಗೆ ಉಗುಳುತ್ತದೆ. ಮೋಟಾರು ಆ ಡಬ್ಬಿಯ ಬೆನ್ನಿಗೇ ಅಂಟಿಕೊಂಡಿತ್ತು, ಮೋಟಾರಿನ ಶಾಫ್ಟಿನ ತುದಿಗೇ ಗಾಲಿ ಕುಳಿತಿತ್ತು. ಮೊದಲನೆಯ ದಿನ ಫ್ಯಾನು ಶುರುವಾದಾಗ ಶೆಡ್ಡಿನ ಆಚೆ ಗೋಡೆ ಕಂಡಿತು ಎಂದು ಅಕ್ಕ ಹೇಳಿದ್ದಳು. ಅದಕ್ಕೂ ಮೊದಲು ಆ ಗೋಡೆಗೆ ಯಾವ ಬಣ್ಣ ಹಚ್ಚಿದ್ದಾರೆಂದು ಅವಳಿಗೆ ಗೊತ್ತಿರಲಿಲ್ಲ.

ಸುಖ ಬಹಳ ದಿನ ಉಳಿಯಲಿಲ್ಲ. ಕೆಲವೇ ವಾರಗಳಲ್ಲಿ ಮೋಟಾರಿನ ಶಾಫ್ಟನ್ನು ಹೊತ್ತ, ಗಾಲಿಯ ಕಡೆಗಿನ ಬೇರಿಂಗು ಕಿರುಚತೊಡಗಿತು. ಬಿಚ್ಚಿ ನೋಡಿದರೆ ಗ್ರೀಸೇ ಇಲ್ಲ, ಸುಟ್ಟ ಬೆಲ್ಲದಂಥ ಕರಿ ಹಕ್ಕಳೆ, ಅದರಲ್ಲಿ ಅರಳೆಯ ಎಳೆ. ಯಂತ್ರಗಳಿಗೆ ಎಣ್ಣೆ ಗ್ರೀಸು ಹಾಕುವ ಇಮಾಮಹುಸೇನನ ಮೇಲೆ ಸಾವ್ಕಾರರು ಬಾಯಿಗೆ ಬಂದಂತೆ ಹಾರಾಡಿದರು. ಅವನು ಮರ್ಯಾದಸ್ಥ. ಹೊಸ ಬೇರಿಂಗು ಹಾಕಿ, ಇನ್ನು ಮೇಲೆ ಕೊರತೆ ಎಂಬ ಮಾತೇ ಬರಬಾರದೆಂದು ಅಂಚಿನವರೆಗೆ ಗ್ರೀಸು ತುಂಬಿದ. ಸಾಲದ್ದಕ್ಕೆ ಆ ಜಿನ್ನಿನಲ್ಲಿ ಹಳೆಯ ಕಾಲದ ಒಂದು ಪದ್ಧತಿ ಇತ್ತು. ಹಂಗಾಮಿನ ಮೊದಲ ದಿನ, ಮತ್ತು ಯಂತ್ರವೊಂದು ರಿಪೇರಿಯಾಗಿ ಮತ್ತೆ ಶುರುವಾಗುವ ದಿನ, ಕೆಲಸದವರು ಪ್ರತಿಯೊಬ್ಬರೂ ಒಂದೊಂದು ಬೆರಳು ಗ್ರೀಸು ತೆಗೆದು ಅದಕ್ಕೆ ಉಣಿಸಿ ಕೈಮುಗಿಯಬೇಕು. ನಮ್ಮ ಪಾಲಿನದನ್ನು ಅದಕ್ಕೆ ಕೊಟ್ಟರೆ ಅದು ನಮ್ಮ ಕೈ ಕಚ್ಚುವುದಿಲ್ಲ ಎಂಬ ನಂಬಿಗೆ. ಹೀಗೆ ಶೆಡ್ಡಿನ ಎಲ್ಲರ ಭಕ್ತಿಯೂ ಆ ಒಂದು ಬೇರಿಂಗಿನೊಳಗೆ ಹೋಯಿತು. ಗಂಟಲ ಮಟ ತುಂಬಿದ ಬೇರಿಂಗು ಮೊದಲಿಗಿಂತ ಬೇಗ ಕಾದಿತು. ಒಂದು ಮಧ್ಯಾಹ್ನ ಮೋಟಾರಿನಿಂದ ಹೊಗೆ ಬಂದಾಗ ಎಲ್ಲರೂ ಮರಳಿನ ಬಕೆಟ್ಟು ಹಿಡಿದು ಓಡಿದರು.

ಅರಳೆ ಇರುವಲ್ಲಿ ಹೊಗೆ ಎಂದರೆ ಏನೆಂದು ಮಂಜಪ್ಪ ಸಾವ್ಕಾರರಿಗೆ ಚೆನ್ನಾಗಿ ಗೊತ್ತು. ಅವರ ತಂದೆಯ ಕಾಲದ ಜಿನ್ನು ಹಾಗೆಯೇ ಸುಟ್ಟುಹೋಗಿತ್ತು. ಇನ್ನೊಮ್ಮೆ ಹೀಗಾದರೆ ಫ್ಯಾನು ಕಿತ್ತು, ಕೊಳವೆ ಹಾಯುವ ಗೋಡೆಯ ಕಿಂಡಿಗೆ ಇಟ್ಟಿಗೆ ಕಟ್ಟಿಸುತ್ತೇನೆ, ಮೊದಲಿನಂತೆ ಅರಿವೆ ಕಟ್ಟಿಕೊಂಡು ದುಡಿಯಲಿ ಎಂದು ಖಂಡಿತವಾಗಿ ಹೇಳಿದರು. ಅಂದು ಅಕ್ಕನಿಂದ ನಾನು ಒಂದು ಭಾಷೆ ತೆಗೆದುಕೊಂಡೆ. ಫ್ಯಾನು ಹೋದರೆ ಅವಳೂ ಹೋಗಬೇಕು. ಕಣ್ಣಲ್ಲಿ ನೀರು ತಂದುಕೊಂಡು ಒಪ್ಪಿದಳು.

ನಾನು ಸಿಟ್ಟಿನಲ್ಲೇ ಹೆಬಸೂರ ಸರ್ ಅವರ ವರ್ಗಕ್ಕೆ ನುಗ್ಗಿದೆ. ಪಾಠ ನಡೆದಿತ್ತು. ಮೋಟಾರಿನ ಮೇಲೆ ಕೈ ಇಡಿರಿ ಎಂದು ಹುಡುಗರಿಗೆ ಹೇಳುತ್ತ ಕುಳಿತಿದ್ದೀರಿ, ಅಲ್ಲಿ ಹೋಗಿ ಕೈ ಇಡಿರಿ ನೋಡೋಣ ಎಂದುಬಿಟ್ಟೆ. ಅಂಥ ಮಾತಿಗೆ ಬೇರೆ ಯಾರಾದರೂ ಆಗಿದ್ದರೆ ನನ್ನನ್ನು ಹೊರಗೆ ಕಳಿಸುತ್ತಿದ್ದರು. ಅವರು ಸೀಮೆಸುಣ್ಣ ಕೆಳಗಿಟ್ಟು, ಅಕ್ಕ ಈಗ ಹೇಗಿದ್ದಾಳೆಂದು ಕೇಳಿದರು. ಆಮೇಲೆ ಸೈಕಲ್ಲು ತೆಗೆದರು. ಅವರ ಸೈಕಲ್ಲಿನ ವೇಗ ಈ ಊರಿನ ಆಕಳುಗಳಿಗೆಲ್ಲ ಗೊತ್ತು, ಒಂದೂ ದಾರಿ ಬಿಡುವುದಿಲ್ಲ. ಅಂದು ಮಾತ್ರ ನಾನು ಹಿಂದೆ ಬಿದ್ದೆ.

ಮೊದಲ ಸಲ ಅವರು ಮಾಡಿದ ಉಪಾಯ ತಪ್ಪಾಯಿತು, ಇದನ್ನು ಮುಚ್ಚಿಟ್ಟು ಹೊಗಳಿದರೆ ಅವರೇ ನನ್ನ ಮೇಲೆ ಸಿಟ್ಟಾಗುತ್ತಾರೆ. ಧೂಳು ಬೇರಿಂಗಿನೊಳಗೆ ನುಗ್ಗುತ್ತದೆ, ಆದ್ದರಿಂದ ಸಂದು ಮುಚ್ಚಬೇಕು ಎಂದು ಲೆಕ್ಕ ಹಾಕಿ, ಶಾಫ್ಟಿನ ಸುತ್ತ ಉಣ್ಣೆಯ ದಪ್ಪ ಬಿಲ್ಲೆಯನ್ನು ಬಿಗಿಯಾಗಿ ಕೂಡಿಸಿದರು. ಬಿಗಿ ಹೆಚ್ಚಾಗಿ ಉಣ್ಣೆಯೇ ಉಜ್ಜಿ ಕಾದು ಕಮರು ವಾಸನೆ ಹೊಡೆಯಿತು. ಎಲ್ಲರ ಎದುರು, ಸಾವ್ಕಾರರು ಬಾಯಿ ತೆರೆಯುವ ಮೊದಲೇ, “ತಪ್ಪು ನಂದದ್ರಿ. ಇಮಾಮಹುಸೇನಂದೂ ಅಲ್ಲ, ಯಂತ್ರದ್ದೂ ಅಲ್ಲ” ಎಂದರು. ಫ್ಯಾನು ಬಂದ್ ಆಯಿತು. ಕಿತ್ತಿಲ್ಲವಲ್ಲ ಎಂದು ಅಕ್ಕ ಕೆಲಸ ಬಿಡಲಿಲ್ಲ. ಉಳಿದ ಹಂಗಾಮನ್ನು ಹೆಂಗಸರು ಧೂಳಿನಲ್ಲೇ ಕಳೆದರು. ಆ ಬೇಸಿಗೆ ಅಕ್ಕ ರಾತ್ರಿಯೆಲ್ಲ ದಿಂಬಿಗೆ ಒರಗಿ ಕುಳಿತೇ ನಿದ್ದೆ ಮಾಡುತ್ತಿದ್ದಳು. ಬರುವ ಹಂಗಾಮಿಗೆ ಕೊನೆಯದೊಂದು ಪ್ರಯತ್ನ ಮಾಡುತ್ತೇವೆ ಎಂದು ಸರ್ ಕೈಮುಗಿದು ಕೇಳಿಕೊಂಡಾಗ, ಸಾವ್ಕಾರರು ಮುಖ ಗಂಟು ಹಾಕಿಕೊಂಡೇ ಹೂಂಗುಟ್ಟಿದರು.

ಮಳೆಗಾಲದಲ್ಲಿ ಆ ಫ್ಯಾನನ್ನೂ ಮೋಟಾರನ್ನೂ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ನಮ್ಮ ವರ್ಕ್‌ಶಾಪಿಗೆ ತಂದೆವು. ಸರ್ ಅವರು ಡಬ್ಬಿಯ ಹೊಟ್ಟೆ ಬಿಚ್ಚಿ, ಟಾರ್ಚು ಹಿಡಿದು ಒಳಗೆ ತಲೆ ಹಾಕಿದರು. ಕಾದು ಕರಗಿದ ಗ್ರೀಸು ಕೆಳಗೆ ಸೋರಬೇಕು, ಆದರೆ ಮೋಟಾರಿನ ಕೆಳಗೆ ಒಂದು ಹನಿಯೂ ಬಿದ್ದಿರಲಿಲ್ಲ. ಅದೆಲ್ಲ ಒಳಗೆ, ಗಾಲಿಯ ಬೆನ್ನ ಮೇಲೆ, ಶಾಫ್ಟಿನಿಂದ ಹೊರಟ ಕಿರಣಗಳಂತೆ ಗೀರುಗೀರಾಗಿ ಮೆತ್ತಿಕೊಂಡಿತ್ತು. ಗ್ರೀಸು ತಾನಾಗಿ ಹೋಗಿರಲಿಲ್ಲ, ಯಾರೋ ಎಳೆದುಕೊಂಡಿದ್ದರು. ಡಬ್ಬಿ ಮತ್ತೆ ಮುಚ್ಚಿ ಫ್ಯಾನು ಶುರು ಮಾಡಿಸಿ, ಜೇಬಿನಿಂದ ಒಂದಿಷ್ಟು ಅರಳೆ ತೆಗೆದು, ಒಂದು ಎಳೆಯನ್ನು ಚಿಮ್ಮಟದಲ್ಲಿ ಹಿಡಿದು ಬೇರಿಂಗಿನ ಸಂದಿಗೆ ಹತ್ತಿರ ಒಯ್ದರು. ಎಳೆ ಸರಕ್ಕನೆ ಒಳಗೆ ಹೋಯಿತು. ಇನ್ನೊಂದು ಹಿಡಿದರು, ಅದೂ ಹೋಯಿತು. ಅಷ್ಟು ಹೊತ್ತಿಗೆ ನನಗೂ ತಿಳಿಯಿತು. ಡಬ್ಬಿಯೊಳಗೆ ಗಾಳಿಯ ಎಳೆತ ಇದೆ. ಶಾಫ್ಟು ಹಾಯುವ ತೂತಿನಲ್ಲೂ ಅದೇ ಎಳೆತ. ಹೊರಗಿನ ಗಾಳಿ ಒಳಗೆ ಹೋಗಲು ಬೇರೆ ದಾರಿ ಇಲ್ಲದೆ ಬೇರಿಂಗಿನ ಗುಂಡುಗಳ ನಡುವೆಯೇ ಹಾದು, ಹೋಗುವಾಗ ಗ್ರೀಸಿನ ಜಿಡ್ಡನ್ನು ಒಯ್ದು, ಅದರ ಬದಲಿಗೆ ಧೂಳನ್ನು ಇಟ್ಟು ಹೋಗುತ್ತಿತ್ತು. ಎಷ್ಟು ತುಂಬಿದರೂ ಗಾಳಿ ತಿಂದು ಮುಗಿಸುತ್ತಿತ್ತು.

ಹಾಗಾದರೆ ಇನ್ನೂ ಗಟ್ಟಿಯಾಗಿ ಮುಚ್ಚೋಣ, ರಬ್ಬರು ಹಾಕೋಣ, ಸೀಸ ಬಡಿಯೋಣ ಎಂದೆ ನಾನು. ಮುಚ್ಚುವುದು ಎಂದರೆ ನನಗೆ ಬಹಳ ಪ್ರೀತಿ. ಸರ್ ತಲೆ ಅಲ್ಲಾಡಿಸಿದರು:

“ಗಾಳಿ ಜೋಡಿ ಜಗಳ ಬ್ಯಾಡ್ರಿ ಗುಡದಪ್ಪ. ಅದಕ್ಕ ಹೋಗಲಿಕ್ಕೆ ಬ್ಯಾರೆ ದಾರಿ ಕೊಡೋಣು. ಸಲೀಸ ದಾರಿ ಸಿಕ್ಕರ ಅದು ಯಾಕ ಬೇರಿಂಗಿನ್ಯಾಗ ತೂರತದ?”

ಉಪಾಯ ಕೇಳಲು ಸರಳ. ಮೋಟಾರನ್ನು ಡಬ್ಬಿಯ ಬೆನ್ನಿನಿಂದ ನಾಲ್ಕು ಬೆರಳು ಹಿಂದಕ್ಕೆ ಸರಿಸುವುದು. ನಡುವೆ ಒಂದು ಕಬ್ಬಿಣದ ಬಳೆ ಕೂಡಿಸಿ, ಆ ಬಳೆಯ ಸುತ್ತ ದೊಡ್ಡ ಕಿಟಕಿಗಳನ್ನು ಕೊರೆಯುವುದು. ತೂತಿನಲ್ಲಿ ಎಳೆತ ಉಂಟಾದಾಗ ಗಾಳಿ ಆ ಕಿಟಕಿಗಳಿಂದ ಆರಾಮಾಗಿ ಒಳಗೆ ಹೋಗುತ್ತದೆ, ಬೇರಿಂಗಿನ ಗೊಡವೆಗೇ ಹೋಗುವುದಿಲ್ಲ. ಅದರ ಮೇಲೆ, ದಾರಿ ತಪ್ಪಿ ಬಂದ ಧೂಳನ್ನು ಸಿಡಿಸಿ ಒಗೆಯಲು ಶಾಫ್ಟಿನ ಮೇಲೆ ಬೇರಿಂಗಿಗೆ ಮುಂಚೆ ಒಂದು ತೆಳು ತಟ್ಟೆ. ಚಿತ್ರ ಬರೆದದ್ದು ಸರ್, ಇರುವೆ ಅಕ್ಷರಗಳಲ್ಲಿ. ಚಕ್ಕಡಿಯ ಗಾಲಿಗೆ ಬಡಿಯುವ ಕಬ್ಬಿಣದ ಪಟ್ಟಿ ತಂದು, ಬಾಗಿಸಿ, ಬೆಸೆದು, ಲೇತಿಗೆ ಹಾಕಿ ಬಳೆ ಮಾಡಿದ್ದು ನಾನು. ಗಾಲಿ ಡಬ್ಬಿಯಲ್ಲಿ ತನ್ನ ಜಾಗದಲ್ಲೇ ಇರಬೇಕೆಂದು ಶಾಫ್ಟಿಗೂ ಒಂದು ತುಂಡು ಜೋಡಿಸಬೇಕಾಯಿತು. ಅದು ಕೂದಲೆಳೆಯಷ್ಟೂ ಓಲಾಡಬಾರದು. ಎರಡು ಸಲ ನನ್ನ ಲೆಕ್ಕ ತಪ್ಪಿ ಕಬ್ಬಿಣ ಕೆಟ್ಟಿತು, ಒಂದು ಸಲ ಅವರ ಚಿತ್ರ ತಪ್ಪಿತ್ತು. ನಾವಿಬ್ಬರೂ ಜಗಳಾಡಿದ ಸದ್ದಿಗೆ ಪಕ್ಕದ ವರ್ಗದವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.

ಶ್ರಾವಣದಲ್ಲಿ ಎಲ್ಲಾ ಕೂಡಿಸಿ ಫ್ಯಾನು ಓಡಿಸಿದೆವು. ಸರ್ ಮತ್ತೆ ಅರಳೆಯ ಎಳೆ ಹಿಡಿದರು. ಕಿಟಕಿಯ ಹತ್ತಿರ ಒಯ್ದರೆ ಹಾರಿ ಒಳಗೆ ಹೋಯಿತು. ಬೇರಿಂಗಿನ ಸಂದಿಗೆ ಒಯ್ದರೆ ಸುಮ್ಮನೆ ಜೋತುಬಿದ್ದಿತ್ತು, ಅಲ್ಲಾಡಲಿಲ್ಲ. ನನಗೆ ಕುಣಿಯಬೇಕೆನಿಸಿತು. ಅವರು ಇನ್ನೊಂದು ಎಳೆ ಹಿಡಿದು ಮತ್ತೊಮ್ಮೆ ನೋಡಿದರು, ಆಮೇಲೆ ಚಹಾ ತರಿಸಿದರು.

ಒಂದು ತೊಡಕು ಉಳಿದಿತ್ತು. ಹೊಸ ಬೇರಿಂಗಿನಲ್ಲಿ ಗ್ರೀಸು ಮೂರರಲ್ಲಿ ಒಂದು ಪಾಲು ಮಾತ್ರ ಇರಬೇಕು, ಉಳಿದ ಜಾಗ ಖಾಲಿ ಇದ್ದರೇ ಅದು ತಂಪಾಗಿರುತ್ತದೆ. ಹಂಗಾಮಿನ ಮೊದಲ ದಿನ ಶೆಡ್ಡಿನವರೆಲ್ಲ ಒಂದೊಂದು ಬೆರಳು ಉಣಿಸಿದರೆ ನಮ್ಮ ಮಳೆಗಾಲದ ದುಡಿತವೆಲ್ಲ ಮಣ್ಣುಪಾಲು. ಇನ್ನು ಮೇಲೆ ಆ ಪದ್ಧತಿ ಬಂದ್ ಎಂದು ಬೋರ್ಡು ಬರೆಸಿ ಹಾಕಿಸೋಣ ಎಂದೆ. ಸರ್ ಅದಕ್ಕೆ ಒಪ್ಪಲಿಲ್ಲ. ಅವರು ಜಿನ್ನಿಗೆ ಹೋಗಿ, ಪೂಜೆಯ ಜಾಗದಲ್ಲಿ ನೆಲದ ಮೇಲೆ ಎಲ್ಲರ ಜೊತೆ ಕುಳಿತು, ಈ ಯಂತ್ರಕ್ಕೆ ಹೊಟ್ಟೆ ಸಣ್ಣದು, ಒಂದೇ ದಿನ ಎಲ್ಲರ ಕೈತುತ್ತು ಉಂಡರೆ ಅದಕ್ಕೆ ಅಜೀರ್ಣವಾಗುತ್ತದೆ ಎಂದು ಹೇಳಿದರು. ಆಮೇಲೆ ತೊಳೆದು ಒರೆಸಿದ, ಮುಚ್ಚಳ ಇರುವ ಒಂದು ತಗಡಿನ ಡಬ್ಬಿಯನ್ನು ಮುಂದಿಟ್ಟರು. ಪ್ರತಿಯೊಬ್ಬರೂ ತಮ್ಮ ಪಾಲಿನ ಬೆರಳು ಗ್ರೀಸನ್ನು ಅದರಲ್ಲಿ ಹಾಕಲಿ, ಹಂಗಾಮೆಲ್ಲ ಫ್ಯಾನಿಗೆ ಬೇಕಾದಾಗ ಇಮಾಮಹುಸೇನ ಅದೇ ಡಬ್ಬಿಯಿಂದ ಹಾಕುತ್ತಾನೆ ಎಂದರು. ಅಕ್ಕ ಮೊದಲ ಬೆರಳು ಹಾಕಿದಳು. ಅವಳ ಹಿಂದೆ ಎಲ್ಲರೂ ಹಾಕಿದರು. ಕೊನೆಗೆ ಸಾವ್ಕಾರರೂ ಬಂದು ಹಾಕಿದರು. ಡಬ್ಬಿಯನ್ನು ಇಮಾಮಹುಸೇನನ ಕೈಗೆ ಕೊಡುವಾಗ ಸರ್ ಎಲ್ಲರಿಗೂ ಕೇಳುವಂತೆ, ಈತ ಹೋದ ವರ್ಷವೂ ತನ್ನ ಕೆಲಸದಲ್ಲಿ ಕೊರತೆ ಮಾಡಿರಲಿಲ್ಲ, ಈತ ಹಾಕಿದ್ದನ್ನು ಗಾಳಿ ತಿಂದಿತ್ತು ಎಂದರು. ಇಮಾಮಹುಸೇನ ಡಬ್ಬಿಯನ್ನು ಎದೆಗವಚಿಕೊಂಡು ನಿಂತಿದ್ದ.

ಎಂಬತ್ನಾಲ್ಕರ ಕೊನೆಗೆ ಶುರುವಾದ ಆ ಹಂಗಾಮಿನಲ್ಲಿ ನನಗೆ ಅನ್ನ ಸೇರುತ್ತಿರಲಿಲ್ಲ. ಶಾಲೆ ಬಿಟ್ಟೊಡನೆ ಇಬ್ಬರೂ ಜಿನ್ನಿಗೆ ಹೋಗುತ್ತಿದ್ದೆವು. ಸರ್ ಮೋಟಾರಿನ ಮೇಲೆ ಅಂಗೈ ಇಡುತ್ತಿದ್ದರು, ನಾನು ಅವರ ಮುಖ ನೋಡುತ್ತಿದ್ದೆ. ಹಿಂದಿನ ಸಲ ಬೇರಿಂಗು ಕಿರುಚಿದ ವಾರ ಬಂತು, ಹೋಯಿತು. ಹೊಗೆ ಕಾಣಲು ಹಿಡಿದಷ್ಟು ದಿನಗಳೂ ಕಳೆದವು. ಶಿವರಾತ್ರಿಯ ರಜೆಗೆ ಜಿನ್ನು ನಿಂತಾಗ ಸಾವ್ಕಾರರ ಎದುರೇ ಮುಚ್ಚಳ ಬಿಚ್ಚಿದೆವು. ಗ್ರೀಸು ಹಾಕಿದ ಬಣ್ಣದಲ್ಲೇ ಇತ್ತು, ಬೆಣ್ಣೆಯಂತೆ. ಸಾವ್ಕಾರರು ಬೆರಳಿನಿಂದ ತೆಗೆದು ತಿಕ್ಕಿ ನೋಡಿ, ಮೂಸಿ ನೋಡಿ, ಕಿಂಡಿ ಮುಚ್ಚಲು ಹೇಳಿಟ್ಟಿದ್ದ ಇಟ್ಟಿಗೆಯವನಿಗೆ ಬರಬೇಡ ಎಂದು ಹೇಳಿಕಳಿಸಿದರು. ನಾನು ಹಿಂದೆ ತಿರುಗಿ ನೋಡಿದೆ. ಅಕ್ಕ ಕಂಬಕ್ಕೆ ಒರಗಿ ಅಳುತ್ತಿದ್ದಳು. ನನಗೂ ತಡೆಯಲಾಗಲಿಲ್ಲ.

ಹಂಗಾಮು ಮುಗಿಯುವ ಹೊತ್ತಿಗೆ ಹೆಂಗಸರು ಒಬ್ಬೊಬ್ಬರಾಗಿ ಮುಖದ ಅರಿವೆ ಬಿಚ್ಚಿದರು. ಈಗ ಇವರು ದಿನವಿಡೀ ಮಾತಾಡುತ್ತಾರೆ, ನನ್ನ ಕಿವಿ ಹೋದವು, ಇದಕ್ಕೂ ಒಂದು ಫ್ಯಾನು ಮಾಡಿಕೊಡಿರಿ ಎಂದು ಸಾವ್ಕಾರರು ಸರ್ ಅವರ ಹತ್ತಿರ ದೂರು ಹೇಳಿದರು. ಕೆಟ್ಟುಹೋದಷ್ಟು ಎದೆ ಮರಳಿ ಬರುವುದಿಲ್ಲ ಎಂದು ಡಾಕ್ಟರರು ಹೇಳಿದ್ದು ನಿಜ. ಆದರೆ ಇನ್ನಷ್ಟು ಕೆಡಲಿಲ್ಲ. ಅಕ್ಕ ಮಲಗಿ ನಿದ್ದೆ ಮಾಡತೊಡಗಿದಳು. ನಾನು ತೆಗೆದುಕೊಂಡ ಭಾಷೆಯನ್ನು ನಾನೇ ವಾಪಸು ಕೊಟ್ಟೆ.

ಸುದ್ದಿ ಹಬ್ಬಿತು. ಎಂಬತ್ತಾರರಿಂದ ಈಚೆಗೆ ಅಣ್ಣಿಗೇರಿಯ, ಕುಂದಗೋಳದ ಜಿನ್ನುಗಳವರು ಬಂದು ಕರೆದುಕೊಂಡು ಹೋಗತೊಡಗಿದರು. ರವಿವಾರಗಳೆಲ್ಲ ಬಸ್ಸಿನಲ್ಲೇ ಕಳೆದವು. ವಿದ್ಯಾರ್ಥಿಗಳು ಆ ಬಳೆಗೆ ಹೆಬಸೂರ ಬಳೆ ಎಂದು ಹೆಸರಿಟ್ಟಾಗ ಸರ್ ಅವರಿಗೆ ಮುಜುಗರವಾಗಿ, ಗುಡದಪ್ಪನವರ ಬಳೆ ಎನ್ನಿರಿ ಎಂದು ತಿದ್ದಲು ನೋಡಿದರು. ಹುಡುಗರು ಕೇಳಲಿಲ್ಲ. ಅದೊಂದು ವಿಷಯದಲ್ಲಿ ಹುಡುಗರು ಮಾಡಿದ್ದು ಸರಿ.

ಈ ಜೂನಿನಲ್ಲಿ ಶಾಲೆಯ ಅಂಗಳದಲ್ಲಿ ಅವರನ್ನು ಬೀಳ್ಕೊಟ್ಟೆವು. ಹಾರ, ಶಾಲು, ಫಲತಾಂಬೂಲಗಳ ಮೇಲೆ ಭಾಷಣಗಳು ಶುರುವಾದವು. ಜಿನ್ನಿನ ಹೆಂಗಸರು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಅವರ ಪರವಾಗಿ ಸಣ್ಣವ್ವನೂ ನಾಲ್ಕು ಮಾತು ಹೇಳಲಿ ಎಂದು ಯಾರೋ ಕೂಗಿದರು. ಅಕ್ಕ ಅದಕ್ಕೂ ಮೊದಲು ಮೈಕು ಕಂಡವಳಲ್ಲ. ಸೆರಗು ಹೊದ್ದು ವೇದಿಕೆ ಹತ್ತಿದವಳು ಶುರು ಮಾಡಿದಳು ನೋಡಿರಿ, ನಿಲ್ಲಿಸಲೇ ಇಲ್ಲ. ಶೆಡ್ಡಿನ ಧೂಳು, ಸಾವ್ಕಾರರ ಸಿಟ್ಟು, ನನ್ನ ಸಿಟ್ಟು, ಇಮಾಮಹುಸೇನನ ಡಬ್ಬಿ, ಒಂದನ್ನೂ ಬಿಡಲಿಲ್ಲ. ಅಧ್ಯಕ್ಷರು ಗಡಿಯಾರ ನೋಡಿದರು, ಅವಳು ಅವರ ಕಡೆ ನೋಡಲಿಲ್ಲ. ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು. ನಾನು ಸರ್ ಅವರ ಕಡೆ ನೋಡಿದರೆ, ಅವರು ತಲೆ ತಗ್ಗಿಸಿ, ಕಣ್ಣು ಮುಚ್ಚಿ ಕುಳಿತಿದ್ದರು. ನನ್ನ ಅಕ್ಕ ಜೀವನದಲ್ಲಿ ಒಮ್ಮೆ ಇಷ್ಟು ಜನರ ಮುಂದೆ ನಿಂತು ಇವರ ಗುಣಗಾನ ಮಾಡುತ್ತಿದ್ದರೆ ಇವರಿಗೆ ನಿದ್ದೆಯೇ ಎಂದು ನನಗೆ ಸಿಟ್ಟೇ ಬಂತು. ಸಭೆ ಮುಗಿದ ಮೇಲೆ ಹತ್ತಿರ ಹೋಗಿ ಕೇಳಿಯೂ ಬಿಟ್ಟೆ, ಅಕ್ಕ ಹೇಳಿದ್ದು ಏನಾದರೂ ಕಿವಿಗೆ ಬಿತ್ತೇ ಎಂದು.

“ಮಾತಿನ ಕಡೆ ಲಕ್ಷ್ಯ ಹೋಗಲಿಲ್ಲರಿ ಗುಡದಪ್ಪ,” ಎಂದರು. “ಉಸರು ಕೇಳಕೋತ ಕೂತಿದ್ದೆ. ಎಲ್ಲೂ ತಡೀಲಿಲ್ಲ.”

ಕುಂದಗೋಳದ ಇನ್ನೊಂದು ಜಿನ್ನಿನವರು ಬರುವ ಹಂಗಾಮಿಗೆ ಫ್ಯಾನು ಕೂಡಿಸುತ್ತಿದ್ದಾರೆ. ಸರ್ ಬರುತ್ತಾರೆಂದು ನಾನು ಅವರಿಗೆ ಮಾತು ಕೊಟ್ಟಾಗಿದೆ, ಇನ್ನೂ ಸರ್ ಅವರನ್ನು ಕೇಳಿಲ್ಲ. ಪೂಜ್ಯ ಹೆಬಸೂರ ಸರ್ ಅವರಿಗೆ ಬಹುಕಾಲ ಆಯುಷ್ಯ ಇರಲಿ, ಕೆಲಸ ಬೇಕಾದಷ್ಟು ಇರಲಿ, ಅವರ ಉಸಿರೂ ಎಲ್ಲೂ ತಡೆಯದಿರಲಿ.